ಕೆಟಿ ಮುಗೀತು, ಕೆಲಸ ಮಾತ್ರ ಯಾರಿಗೂ ಗೊತ್ತಿಲ್ಲ: ನಾಲೆಡ್ಜ್ ಮ್ಯಾನೇಜರ್ ಯಾಕೆ ಬೇಕು?

ವೈಟ್‌ಫೀಲ್ಡಿನ ಐಟಿ ಕಂಪನಿ ಇರಲಿ, ಕೋಲಾರ ಜಿಲ್ಲೆಯ ನರಸಾಪುರದ ಫ್ಯಾಕ್ಟರಿ ಇರಲಿ, ಒಬ್ಬರು ರಾಜೀನಾಮೆ ಕೊಟ್ಟ ಮೇಲೆ ನಡೆಯುವ ನಾಟಕ ಒಂದೇ. ನೋಟಿಸ್ ಪೀರಿಯಡ್ ಪೂರ್ತಿ ಅವರ ಕೈಲಿ ಬಾಕಿ ಕೆಲಸ ಮಾಡಿಸಿಕೊಳ್ಳುತ್ತಾರೆ. ಕೊನೆಯ ವಾರ ಮ್ಯಾನೇಜರ್‌ಗೆ ಥಟ್ಟನೆ ನೆನಪಾಗುತ್ತದೆ. 'ಅಯ್ಯೋ, ಕೆಟಿ ಆಗಿಲ್ವಲ್ಲ!' ಕೆಟಿ ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್, ಹೋಗುವವರು ತಮಗೆ ಗೊತ್ತಿರುವುದನ್ನು ಉಳಿಯುವವರಿಗೆ ಹೇಳಿಕೊಡುವುದು. ಒಂದು ಮೀಟಿಂಗ್ ಇಡುತ್ತಾರೆ. ಹೋಗುವವರು ಎಕ್ಸೆಲ್ ಶೀಟ್ ತೆರೆದು ಯಾವ ಫೋಲ್ಡರ್ ಎಲ್ಲಿದೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ, ಯಾವ ವೆಂಡರ್‌ಗೆ ಫೋನ್ ಮಾಡಬೇಕು ಅಂತ ಹೇಳುತ್ತಾ ಹೋಗುತ್ತಾರೆ. ಕೇಳುವವರು ತಲೆ ಆಡಿಸುತ್ತಾರೆ. ಚೆಕ್‌ಲಿಸ್ಟಿನಲ್ಲಿ ಟಿಕ್ ಬೀಳುತ್ತದೆ, ಕೇಕ್ ಕತ್ತರಿಸುತ್ತಾರೆ, ಗ್ರೂಪ್ ಫೋಟೋ ಆಗುತ್ತದೆ. ಒಂದೆರಡು ತಿಂಗಳಾದ ಮೇಲೆ ಏನೋ ಕೈ ಕೊಡುತ್ತದೆ. ಹೋದವರ ಫೈಲುಗಳೆಲ್ಲಾ ಇವೆ, ಏನು ಮಾಡಬೇಕು ಅನ್ನುವುದು ಮಾತ್ರ ಯಾರಿಗೂ ತಿಳಿಯದು. ಕೊನೆಗೆ ಬಿಟ್ಟು ಹೋದವರಿಗೇ ಫೋನ್ ಹೋಗುತ್ತದೆ. ಅವರು ಒಳ್ಳೆಯವರಾದರೆ ಎತ್ತುತ್ತಾರೆ.

ಆ ಫೋನ್ ಮಾಡುವ ಪರಿಸ್ಥಿತಿ ಬಾರದ ಹಾಗೆ ನೋಡಿಕೊಳ್ಳುವುದಕ್ಕೇ ಒಂದು ಹುದ್ದೆ ಇದೆ. ನಾಲೆಡ್ಜ್ ಮ್ಯಾನೇಜರ್ ಅಂತ. ಹೆಸರು ಕೇಳಿದರೆ ಸುಮ್ನೆ ಕೂತು ಪಿಪಿಟಿ ಮಾಡುವ ಕೆಲಸ ಅನ್ನಿಸುತ್ತದೆ, ಕೆಲವು ಕಡೆ ಅದು ಹಾಗೇ ಇದೆ ಕೂಡ. ಆದರೆ ಎಐ ಬಂದ ಮೇಲೆ ಈ ಕೆಲಸದ ಬೆಲೆ ಬದಲಾಗುತ್ತಿದೆ. ಕೋಲಾರದ ಕಡೆಯ ಹುಡುಗ ಹುಡುಗಿಯರಿಗೆ ಇದರಲ್ಲಿ ಒಂದು ಅನುಕೂಲ ಇದೆ ಅನ್ನುವುದು ನನ್ನ ಅಭಿಪ್ರಾಯ. ಅದೇನು ಅಂತ ಹೇಳುವ ಮುಂಚೆ ಕೆಲಸ ಏನು ಅಂತ ನೋಡೋಣ.

ಪ್ಲಾಸ್ಟಿಕ್ ಪಾರ್ಟ್ ಮಾಡುವ ಒಂದು ಮೋಲ್ಡಿಂಗ್ ಶಾಪ್ ತೆಗೆದುಕೊಳ್ಳಿ. ನೈಲಾನ್ ಗ್ರಾನ್ಯೂಲ್ಸ್ ಗಾಳಿಯ ತೇವ ಹೀರುತ್ತವೆ. ಹಾಗೇ ಮೆಷಿನ್‌ಗೆ ಹಾಕಿದರೆ ಪಾರ್ಟ್ ಮೇಲೆ ಬೆಳ್ಳಿ ಗೆರೆ ಬಂದು ರಿಜೆಕ್ಟ್ ಆಗುತ್ತದೆ. ಅದಕ್ಕೆ ಮೊದಲು ಒಣಗಿಸಬೇಕು. ಎಸ್‌ಒಪಿಯಲ್ಲಿ, ಅಂದರೆ ಕೆಲಸ ಹೇಗೆ ಮಾಡಬೇಕು ಅಂತ ಕಂಪನಿ ಬರೆದಿಟ್ಟ ಕ್ರಮದಲ್ಲಿ, ಇಷ್ಟು ಡಿಗ್ರಿ, ಇಷ್ಟು ಗಂಟೆ ಅಂತ ಬರೆದಿರುತ್ತದೆ, ಉದಾಹರಣೆಗೆ 80 ಡಿಗ್ರಿಯಲ್ಲಿ 4 ಗಂಟೆ. ಹಳೇ ಆಪರೇಟರ್‌ಗೆ ಇನ್ನೂ ಮೂರು ವಿಷಯ ಗೊತ್ತಿರುತ್ತದೆ. ಮಳೆಗಾಲದಲ್ಲಿ ಅಷ್ಟು ಹೊತ್ತು ಸಾಲದು. ಮೆಷಿನ್‌ಗೆ ಗ್ರಾನ್ಯೂಲ್ಸ್ ಸುರಿಯುವ ಹಾಪರ್ ಪೂರ್ತಿ ತುಂಬಿಸಿಟ್ಟರೆ ಮೇಲಿನದು ಮತ್ತೆ ತೇವ ಎಳೆಯುತ್ತದೆ. ನೈಟ್ ಶಿಫ್ಟಿನವರು ತೆರೆದಿಟ್ಟ ಚೀಲವನ್ನು ಬೆಳಿಗ್ಗೆ ಮೊದಲು ಹಾಕಬಾರದು. ಈ ಮೂರನ್ನು ಅವರು ಯಾಕೆ ಬರೆದಿಟ್ಟಿಲ್ಲ? ಯಾರೂ ಕೇಳಿಲ್ಲ. ಕೇಳಿದ್ದರೂ 'ಅದರಲ್ಲೇನಿದೆ ಸಾರ್, ನೋಡಿದ್ರೆ ಗೊತ್ತಾಗುತ್ತೆ' ಅನ್ನುತ್ತಿದ್ದರು. ಅವರಿಗೆ ಅದು ಗೊತ್ತಿದೆ ಅನ್ನುವುದೇ ಅವರಿಗೆ ಗೊತ್ತಿಲ್ಲ.

ಮೈಕೆಲ್ ಪೊಲಾನ್ಯಿ ಎಂಬ ಚಿಂತಕ ಹಿಂದೆಯೇ ಹೇಳಿದ ವಿಷಯ ಇದು. ಮನುಷ್ಯನಿಗೆ ಬಾಯಿಬಿಟ್ಟು ಹೇಳಲು ಆಗುವುದಕ್ಕಿಂತ ಜಾಸ್ತಿ ಗೊತ್ತಿರುತ್ತದೆ. ಜಪಾನಿನ ಇಕುಜಿರೊ ನೊನಾಕಾ 1990ರ ದಶಕದಲ್ಲಿ ಇದನ್ನು ಕಂಪನಿಗಳ ಒಳಗೆ ತಂದು ನಿಲ್ಲಿಸಿದರು. ಅವರು ಕೊಟ್ಟ ಒಂದು ಉದಾಹರಣೆ ಈ ಕ್ಷೇತ್ರದ ಎಲ್ಲರಿಗೂ ಬಾಯಿಪಾಠ, ಆದರೂ ಹೇಳುತ್ತೇನೆ, ಯಾಕಂದರೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. 1980ರ ದಶಕದಲ್ಲಿ ಮತ್ಸುಶಿತಾ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಮೆಷಿನ್ ಮಾಡಲು ಹೊರಟಿತ್ತು. ಹಿಟ್ಟು ಸರಿಯಾಗಿ ನಾದುತ್ತಿರಲಿಲ್ಲ. ಎಕ್ಸ್‌ರೇ ತೆಗೆದು ಹೋಲಿಸಿ ನೋಡಿದರೂ ಗುಟ್ಟು ಸಿಗಲಿಲ್ಲ. ಕೊನೆಗೆ ಸಾಫ್ಟ್‌ವೇರ್ ವಿಭಾಗದ ಇಕುಕೊ ತನಾಕಾ ಎಂಬುವರು ಒಸಾಕಾದ ಒಂದು ದೊಡ್ಡ ಹೋಟೆಲಿನ ಬ್ರೆಡ್ ಮಾಸ್ಟರ್ ಹತ್ತಿರ ಕೆಲಸಕ್ಕೆ ನಿಂತು ಕಲಿತರು. ಆತ ಹಿಟ್ಟನ್ನು ಎಳೆಯುವಾಗ ತಿರುಚುತ್ತಿದ್ದ. ಆತನನ್ನೇ ಕೇಳಿದ್ದರೆ ಬಹುಶಃ ಹೇಳುತ್ತಿರಲಿಲ್ಲ, ಹೇಳಲು ಅದೊಂದು ವಿಷಯ ಅಂತಲೇ ಆತನಿಗೆ ಅನ್ನಿಸುತ್ತಿರಲಿಲ್ಲ. ಆ ತಿರುಚುವಿಕೆಗಾಗಿ ಮೆಷಿನ್ ಒಳಗೆ ಸಣ್ಣ ಏಣುಗಳನ್ನು ಸೇರಿಸಿದರು, 1987ರಲ್ಲಿ ಅದು ಮಾರುಕಟ್ಟೆಗೆ ಬಂತು.

ಈ ಕಥೆಯಲ್ಲಿ ಡೇಟಾಬೇಸ್ ಇಲ್ಲ, ಪೋರ್ಟಲ್ ಇಲ್ಲ. ಗೊತ್ತಿದ್ದವನ ಪಕ್ಕ ಒಬ್ಬರು ಹೋಗಿ ನಿಂತರು, ಅಷ್ಟೆ. ನಮ್ಮಲ್ಲಿ ಹೆಚ್ಚಿನ ಕಂಪನಿಗಳು ನಾಲೆಡ್ಜ್ ಮ್ಯಾನೇಜ್‌ಮೆಂಟ್ ಅಂದಕೂಡಲೇ ಸಾಫ್ಟ್‌ವೇರ್ ಖರೀದಿಗೆ ಓಡುತ್ತವೆ. ಶೇರ್‌ಪಾಯಿಂಟ್ ಬರುತ್ತದೆ, ಕಾನ್‌ಫ್ಲುಯೆನ್ಸ್ ಬರುತ್ತದೆ. ಎಲ್ಲರಿಗೂ 'ನಿಮ್ಮ ಡಾಕ್ಯುಮೆಂಟ್ ಅಪ್‌ಲೋಡ್ ಮಾಡಿ' ಅಂತ ಮೇಲ್ ಬರುತ್ತದೆ. ಒಂದು ವರ್ಷದಲ್ಲಿ ಅದು ಯಾರೂ ಕಾಲಿಡದ ಗೋಡೌನ್ ಆಗುತ್ತದೆ.

ಹಾಗಾದರೆ ಸರಿಯಾಗಿ ಕೆಲಸ ಮಾಡುವ ನಾಲೆಡ್ಜ್ ಮ್ಯಾನೇಜರ್ ದಿನವಿಡೀ ಏನು ಮಾಡುತ್ತಾರೆ? ಮೊದಲನೆಯದು, ಯಾರಿಗೆ ಏನು ಗೊತ್ತು ಅನ್ನುವ ಪಟ್ಟಿ ಇಟ್ಟುಕೊಳ್ಳುತ್ತಾರೆ, ಅದರಲ್ಲೂ ಒಬ್ಬರಿಗೆ ಮಾತ್ರ ಗೊತ್ತಿರುವ ವಿಷಯಗಳು ಯಾವುವು ಅಂತ. ಆ ಒಬ್ಬರು ಮುಂದಿನ ವರ್ಷ ರಿಟೈರ್ ಆಗುತ್ತಾರಾ, ಬೇರೆ ಕಡೆ ಇಂಟರ್‌ವ್ಯೂ ಕೊಡುತ್ತಿದ್ದಾರಾ ಅನ್ನುವುದೂ ಗೊತ್ತಿರಬೇಕು. ಎರಡನೆಯದು, ಕೆಲಸ ಮುಗಿದ ಮೇಲೆ ತಂಡವನ್ನು ಕೂರಿಸಿ ಏನಾಗಬೇಕಿತ್ತು, ಏನಾಯಿತು, ಯಾಕೆ ಹಾಗಾಯಿತು ಅಂತ ಮಾತಾಡಿಸುವುದು. ಇದು ಅಮೆರಿಕದ ಸೈನ್ಯದಲ್ಲಿ 1970ರ ದಶಕದಲ್ಲಿ ಶುರುವಾದ ಪದ್ಧತಿ, ಈಗ ಎಲ್ಲಾ ಕಡೆ ಇದೆ. ನಮ್ಮಲ್ಲಿ ಅದು ಹೆಚ್ಚಾಗಿ 'ತಪ್ಪು ಯಾರದು' ಅನ್ನುವ ಪಂಚಾಯಿತಿ ಆಗಿಬಿಡುತ್ತದೆ, ಆಮೇಲೆ ಯಾರೂ ಬಾಯಿ ಬಿಡಲ್ಲ. ಅದನ್ನು ತಡೆಯುವುದೂ ಇವರ ಕೆಲಸವೇ.

ಯಾರೂ ಹೇಳದ ಇನ್ನೊಂದು ಕೆಲಸ ಇದೆ, ನನ್ನ ಪ್ರಕಾರ ಅರ್ಧ ಕೆಲಸ ಅದೇ. ಅಳಿಸುವುದು. ರಜೆ ನಿಯಮದ ಮೂರು ವರ್ಷನ್ ಇದ್ದರೆ ಎರಡನ್ನು ತೆಗೆಯುವುದು. ಪ್ರತಿ ದಾಖಲೆಗೂ ಒಬ್ಬ ಜವಾಬ್ದಾರರು, ಒಂದು ಮರುಪರಿಶೀಲನೆ ದಿನಾಂಕ ಇರಬೇಕು, ದಿನಾಂಕ ಮೀರಿದರೆ ಹಿಂದೆ ಬಿದ್ದು ಕೇಳಬೇಕು. ಜೊತೆಗೆ ಸರ್ಚ್ ಲಾಗ್ ಓದಬೇಕು. ಸಿಬ್ಬಂದಿ ಏನು ಹುಡುಕಿದರು, ಯಾವ ಹುಡುಕಾಟಕ್ಕೆ ಏನೂ ಸಿಗಲಿಲ್ಲ ಅಂತ ಅಲ್ಲಿ ಇರುತ್ತದೆ. ಸರ್ವೆ ಮಾಡಿದರೆ ಜನ 'ಎಲ್ಲಾ ಚೆನ್ನಾಗಿದೆ' ಅನ್ನುತ್ತಾರೆ. ಲಾಗ್ ಸುಳ್ಳು ಹೇಳಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನೆಲ್ಲ ಅರ್ಥ ಮಾಡಿಸಲು ಜಪಾನಿಗೆ ಹೋಗಬೇಕಾಗಿಯೂ ಇಲ್ಲ. ಕೆಜಿಎಫ್ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳು ಮುಚ್ಚುವ ತನಕ ಅಲ್ಲಿ ತಲೆಮಾರುಗಳು ನೆಲದಡಿ ದುಡಿದವು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಅಷ್ಟು ಕೆಳಗೆ ಬಂಡೆ ಒತ್ತಡ ತಾಳದೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ, ರಾಕ್‌ಬರ್ಸ್ಟ್ ಅನ್ನುತ್ತಾರೆ. ಅದನ್ನು ಅಳೆಯಲು ಉಪಕರಣ ಹಾಕಿದ್ದರು, ದಾಖಲೆ ಇಟ್ಟಿದ್ದರು. 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಶುರುವಾದದ್ದೇ ಕೆಜಿಎಫ್‌ನಲ್ಲಿ. ಹಾಗಾಗಿ ಅಳತೆಗೆ ಸಿಕ್ಕಿದ ತಿಳಿವಳಿಕೆ ಇಂಗ್ಲಿಷಿನಲ್ಲಿ ರಿಪೋರ್ಟ್ ಆಗಿ ಉಳಿಯಿತು, ಬೇರೆ ಗಣಿಗಳಿಗೆ, ಸುರಂಗಗಳಿಗೆ ಕೆಲಸಕ್ಕೆ ಬಂತು.

ಡ್ರಿಲ್ ಹಿಡಿದವರ, ಮರದ ಆಸರೆ ಕೊಟ್ಟವರ ಕೈಯಲ್ಲಿದ್ದದ್ದು? ಅವರು ಅದನ್ನು ಹೆಚ್ಚಾಗಿ ತಮಿಳಿನಲ್ಲಿ, ಸ್ವಲ್ಪ ತೆಲುಗು ಕನ್ನಡದಲ್ಲಿ ಮಾತಾಡುತ್ತಿದ್ದರು. ರಿಪೋರ್ಟಿನ ಭಾಷೆ ಅದಲ್ಲ. ಗಣಿ ಮುಚ್ಚಿದಾಗ ಅದು ಅವರ ಜೊತೆ ಕ್ವಾರ್ಟರ್ಸಿಗೆ ಹೋಯಿತು. ಮಕ್ಕಳು ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋಗತೊಡಗಿದರು. ಈಗ ನೋಡಿ, ಚಿನ್ನ ತೆಗೆದ ಮೇಲೆ ಮಿಕ್ಕ ಮರಳು ಸುರಿದ 13 ಸೈನೈಡ್ ದಿಬ್ಬಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಯಾವ ದಿಬ್ಬಕ್ಕೆ ಯಾವ ಕಾಲದ ಮರಳು ಬಿತ್ತು, ಎಲ್ಲಿ ಏನು ಬೆರೆಯಿತು ಅಂತ ಕಾಗದ ಸ್ವಲ್ಪ ಹೇಳೀತು, ಸ್ಯಾಂಪಲ್ ತೆಗೆದರೆ ಇನ್ನಷ್ಟು ತಿಳಿದೀತು. ಅಲ್ಲಿ ಕೆಲಸ ಮಾಡಿದವರನ್ನು ಕೇಳೋಣ ಅಂದರೆ ಅವರಿಗೆ ವಯಸ್ಸಾಗಿದೆ, ಎಷ್ಟೋ ಜನ ಇಲ್ಲ.

ನರಸಾಪುರದ್ದು ಇದಕ್ಕೆ ಉಲ್ಟಾ ಕಥೆ. ಅಲ್ಲಿ ಎಲ್ಲವೂ ಹೊಸದು. 2023ರಲ್ಲಿ ವಿಸ್ಟ್ರಾನ್ ಕಂಪನಿಯ ಐಫೋನ್ ಘಟಕವನ್ನು ಟಾಟಾ ಎಲೆಕ್ಟ್ರಾನಿಕ್ಸ್ ಕೊಳ್ಳುವ ಒಪ್ಪಂದವಾಯಿತು, ಬೆಲೆ 12.5 ಕೋಟಿ ಡಾಲರ್. ಆ ದುಡ್ಡಿಗೆ ಸಿಕ್ಕಿದ್ದು ಬರೀ ಶೆಡ್ಡು, ಮೆಷಿನ್ ಅಂತ ಯಾರೂ ಅಂದುಕೊಳ್ಳಲ್ಲ. ಲೈನ್ ಓಡಿಸಿ ಗೊತ್ತಿರುವ ಜನ ಅಲ್ಲಿದ್ದರು. ಬರೀ ಕಟ್ಟಡ ಬೇಕಿದ್ದರೆ ವೇಮಗಲ್‌ನಲ್ಲೋ ಮಾಲೂರಿನಲ್ಲೋ ಜಾಗ ಹುಡುಕಬಹುದಿತ್ತು, ಅಲ್ವಾ? ಕಂಪನಿ ಕೊಳ್ಳುವಾಗ ಜನರಿಗೆ ಗೊತ್ತಿರುವುದಕ್ಕೂ ಬೆಲೆ ಕಟ್ಟುತ್ತಾರೆ. ಅದೇ ಜನ ಒಬ್ಬೊಬ್ಬರಾಗಿ ಬಿಟ್ಟು ಹೋಗುವಾಗ ಆ ಬೆಲೆ ಯಾವ ಕಂಪನಿಯ ಲೆಕ್ಕದ ಪುಸ್ತಕದಲ್ಲೂ ನಷ್ಟ ಅಂತ ಕಾಣಲ್ಲ. ಕೈಗಾರಿಕಾ ಪ್ರದೇಶಗಳಲ್ಲಿ ಕಾಂಟ್ರಾಕ್ಟ್ ಮತ್ತು ಟ್ರೈನಿ ಹುಡುಗರು ಬರುತ್ತಾ ಹೋಗುತ್ತಾ ಇರುತ್ತಾರೆ. ಕೈ ಕುದುರುವ ಹೊತ್ತಿಗೆ ಕಾಂಟ್ರಾಕ್ಟ್ ಮುಗಿದಿರುತ್ತದೆ. ಅದನ್ನು ಎಚ್‌ಆರ್‌ನವರು ಅಟ್ರಿಶನ್ ಪರ್ಸೆಂಟ್ ಅಂತ ಒಂದು ಸಂಖ್ಯೆ ಮಾಡಿ ಮುಗಿಸುತ್ತಾರೆ. ಹೋದವರಲ್ಲಿ ಯಾರಿಗೆ ಏನು ಗೊತ್ತಿತ್ತು ಅನ್ನುವ ಕಾಲಂ ಆ ಶೀಟಿನಲ್ಲಿ ಇರಲ್ಲ.

ನಿಯಮ ಇಲ್ಲ ಅಂತಲ್ಲ. ಗೇಟಿನಲ್ಲಿ ಐಎಸ್‌ಒ 9001 ಅನ್ನುವ ಗುಣಮಟ್ಟದ ಮಾನದಂಡದ ಬೋರ್ಡ್ ಹಾಕಿಕೊಂಡ ಪ್ರತಿ ಫ್ಯಾಕ್ಟರಿಗೂ 2015ರ ಆವೃತ್ತಿಯಿಂದ 7.1.6 ಅಂತ ಒಂದು ಕಲಂ ಅನ್ವಯಿಸುತ್ತದೆ. ಕೆಲಸ ನಡೆಸಲು ಬೇಕಾದ ತಿಳಿವಳಿಕೆ ಯಾವುದು ಅಂತ ಸಂಸ್ಥೆಯೇ ಗುರುತಿಸಬೇಕು, ಅದನ್ನು ಕಾಪಾಡಬೇಕು, ಬೇಕಾದವರಿಗೆ ಸಿಗುವ ಹಾಗೆ ಇಡಬೇಕು. 2018ರಲ್ಲಿ ಇದಕ್ಕೇ ಅಂತ ಪ್ರತ್ಯೇಕವಾಗಿ ಐಎಸ್‌ಒ 30401 ಕೂಡ ಬಂತು. ಆಡಿಟ್ ದಿನ ಏನಾಗುತ್ತದೆ ಅಂತ ಕ್ವಾಲಿಟಿ ವಿಭಾಗದವರಿಗೆ ಹೇಳಬೇಕಾಗಿಲ್ಲ. ಎಸ್‌ಒಪಿ ಫೈಲ್ ತೋರಿಸುತ್ತಾರೆ. ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಅನ್ನುವ ಗೋಡೆ ಮೇಲಿನ ಸ್ಕಿಲ್ ಮ್ಯಾಟ್ರಿಕ್ಸ್ ತೋರಿಸುತ್ತಾರೆ, ಪ್ರತಿ ಹೆಸರಿನ ಮುಂದೆ ವೃತ್ತ, ಕಾಲು ಭಾಗ, ಅರ್ಧ ಭಾಗ, ಪೂರ್ತಿ ಕಪ್ಪು. ಆ ವೃತ್ತಗಳು ಎಷ್ಟೋ ಸಲ ಆಡಿಟ್‌ನ ಹಿಂದಿನ ವಾರ ತುಂಬುತ್ತವೆ. ಆಡಿಟರ್ ನೋಡುತ್ತಾರೆ, ಮುಂದೆ ಹೋಗುತ್ತಾರೆ.

ಫ್ಯಾಕ್ಟರಿಯಲ್ಲಿ ನಿಜವಾಗಿ ಕೆಲಸ ಮಾಡುವ ಒಂದು ಸಾಧನ ನನಗೆ ಬಹಳ ಇಷ್ಟ. ಒನ್ ಪಾಯಿಂಟ್ ಲೆಸನ್, ಒಪಿಎಲ್ ಅನ್ನುತ್ತಾರೆ. ಒಂದೇ ಹಾಳೆ, ಒಂದೇ ವಿಷಯ, ಚಿತ್ರ ಇರಬೇಕು, ಮೆಷಿನ್ ಪಕ್ಕದಲ್ಲೇ ಅಂಟಿಸಬೇಕು. 'ಮಳೆಗಾಲದಲ್ಲಿ ಹಾಪರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ' ಅಂತ ಕನ್ನಡದಲ್ಲಿ ಒಂದು ಸಾಲು, ಕೆಳಗೆ ಒಂದು ಫೋಟೋ, ಹೇಳಿಕೊಟ್ಟ ಆಪರೇಟರ್ ಹೆಸರು. 40 ಪುಟದ ಮ್ಯಾನ್ಯುಯಲ್ ಮಾಡದ ಕೆಲಸ ಈ ಹಾಳೆ ಮಾಡುತ್ತದೆ.

ಹೆಸರು ಹಾಕುವುದು ಅಂದೆ, ಅದು ಸಣ್ಣ ವಿಷಯ ಅಲ್ಲ. ಜೆರಾಕ್ಸ್ ಕಂಪನಿಯಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಮೆಷಿನ್ ರಿಪೇರಿ ಮಾಡುವ ಟೆಕ್ನಿಷಿಯನ್‌ಗಳ ಜೊತೆ ಓಡಾಡಿ ಗಮನಿಸಿದರು. ಅವರು ಕಲಿಯುತ್ತಿದ್ದದ್ದು ಮ್ಯಾನ್ಯುಯಲ್‌ನಿಂದ ಅಷ್ಟಾಗಿ ಅಲ್ಲ, ಊಟಕ್ಕೆ ಕೂತಾಗ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಿಂದ. 1990ರ ದಶಕದಲ್ಲಿ ಕಂಪನಿ ಇದನ್ನೇ ಹಿಡಿದು ಯುರೇಕಾ ಎಂಬ ವ್ಯವಸ್ಥೆ ಮಾಡಿತು. ಟೆಕ್ನಿಷಿಯನ್ ಒಂದು ಸುಳಿವು ಬರೆಯುತ್ತಾನೆ, ಅನುಭವ ಇರುವ ಇನ್ನೊಬ್ಬ ಟೆಕ್ನಿಷಿಯನ್ ಪರೀಕ್ಷಿಸುತ್ತಾನೆ, ಸರಿ ಇದ್ದರೆ ಎಲ್ಲರಿಗೂ ಹೋಗುತ್ತದೆ. ಬರೆದವರಿಗೆ ದುಡ್ಡು ಕೊಡೋಣವೇ ಅಂತ ಚರ್ಚೆಯಾಯಿತು. ಅವರು ಬಯಸಿದ್ದು ದುಡ್ಡಲ್ಲ, ಸುಳಿವಿನ ಜೊತೆ ತಮ್ಮ ಹೆಸರು ಇರಬೇಕು ಅಂತ. ಜೊತೆಯವರ ಎದುರು ಮಾನ ಸಿಗುವುದೇ ಸಾಕಿತ್ತು.

ಇನ್ನೊಂದು ದಾರಿ ಹಿಡಿದವರು ನಮ್ಮ ಇನ್ಫೋಸಿಸ್. 2000ದ ಸುಮಾರಿಗೆ ಕೆ-ಶಾಪ್ ಎಂಬ ಪೋರ್ಟಲ್ ಶುರು ಮಾಡಿ, ಬರೆದವರಿಗೂ ಪರಿಶೀಲಿಸಿದವರಿಗೂ ನಾಲೆಡ್ಜ್ ಕರೆನ್ಸಿ ಯೂನಿಟ್ ಅಂತ ಅಂಕ ಕೊಟ್ಟರು, ಅದಕ್ಕೆ ಬಹುಮಾನ ಇತ್ತು. ಬರವಣಿಗೆ ಧಾರಾಳವಾಗಿ ಬಂತು. ಧಾರಾಳವಾಗಿ ಬಂದದ್ದೇ ತೊಂದರೆಯೂ ಆಯಿತು. ರಾಶಿಯಲ್ಲಿ ಬೇಕಾದ್ದು ಹುಡುಕುವುದು ಕಷ್ಟ, ಪರಿಶೀಲಿಸುವವರಿಗೆ ಹೊರೆ, ರೇಟಿಂಗ್ ನಂಬಬಹುದಾ ಅನ್ನುವ ಅನುಮಾನ. ಆಮೇಲೆ ಅಂಕದ ಲೆಕ್ಕವನ್ನೇ ತಿದ್ದಬೇಕಾಯಿತು. ಕಂಪನಿಯನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆ ಕಾಲಕ್ಕೆ ದೇಶದಲ್ಲಿ ಇಷ್ಟು ದೊಡ್ಡದಾಗಿ ಪ್ರಯತ್ನಿಸಿದವರೇ ಕಡಿಮೆ, ಪ್ರಯತ್ನಿಸಿ ಎಡವಿ ಸರಿಮಾಡಿಕೊಂಡದ್ದರಿಂದಲೇ ಇವತ್ತು ನಾವು ಅದರ ಬಗ್ಗೆ ಮಾತಾಡಲು ಆಗುತ್ತಿದೆ. ಆದರೆ ಇವತ್ತಿಗೂ 'ತಿಂಗಳಿಗೆ ಇಷ್ಟು ಆರ್ಟಿಕಲ್ ಬರೆಯಲೇಬೇಕು' ಅಂತ ಟಾರ್ಗೆಟ್ ಇಡುವ ಮ್ಯಾನೇಜರ್‌ಗಳಿದ್ದಾರೆ. ಅವರಿಗೆ ಕಸ ಗ್ಯಾರಂಟಿ.

ಸರ್ಕಾರಿ ಕಚೇರಿ ಬಗ್ಗೆ ಒಂದು ಮಾತು. ವರ್ಗಾವಣೆ ಸೀಸನ್ ಬಂತೆಂದರೆ ಚಾರ್ಜ್ ಕೊಡುವುದು, ಚಾರ್ಜ್ ತಗೊಳ್ಳುವುದು ನಡೆಯುತ್ತದೆ. ಫೈಲಿನ ಪಟ್ಟಿ ಕೈ ಬದಲಾಗುತ್ತದೆ, ಆ ಫೈಲು ಯಾಕೆ ಹಾಗೆ ನಿಂತಿದೆ ಅನ್ನುವ ಕಥೆ ಬದಲಾಗಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4 ಎಲ್ಲ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಡಬೇಕು ಅಂತ ಹೇಳುತ್ತದೆ. ಅಷ್ಟನ್ನು ಮಾಡಿದರೂ ಜನ ಅರ್ಜಿ ಹಿಡಿದು ಅಲೆಯುವುದು ಎಷ್ಟೋ ತಪ್ಪುತ್ತಿತ್ತು.

ಈಗ ಎಐ ವಿಷಯಕ್ಕೆ ಬರೋಣ, ಯಾಕಂದರೆ ಈ ಹುದ್ದೆಗೆ ಮತ್ತೆ ಜೀವ ಬಂದದ್ದೇ ಅದರಿಂದ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪ್ರತಿ ಕಂಪನಿಗೂ ತನ್ನದೇ ಒಂದು ಚಾಟ್‌ಬಾಟ್ ಬೇಕು. ಅದು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ನೀವು ಪ್ರಶ್ನೆ ಕೇಳುತ್ತೀರಿ. ಅದು ಕಂಪನಿಯ ದಾಖಲೆಗಳಲ್ಲಿ ಆ ಪ್ರಶ್ನೆಗೆ ಹತ್ತಿರ ಇರುವ ತುಣುಕುಗಳನ್ನು ಎತ್ತಿಕೊಳ್ಳುತ್ತದೆ. ಆ ತುಣುಕುಗಳನ್ನು ಓದಿ ಚೆಂದದ ವಾಕ್ಯಗಳಲ್ಲಿ ಉತ್ತರ ಬರೆಯುತ್ತದೆ. ಇದಕ್ಕೆ ರ‍್ಯಾಗ್ ಅಂತ ಹೆಸರು. ರಜೆ ನಿಯಮದ ಮೂರು ವರ್ಷನ್ ಇದೆ ಅಂದೆನಲ್ಲ, ಅದರಲ್ಲಿ ಹಳೆಯದನ್ನು ಎತ್ತಿಕೊಂಡರೆ ಹಳೆ ಉತ್ತರವೇ ಬರುತ್ತದೆ, ಅದೂ ಪೂರ್ತಿ ಆತ್ಮವಿಶ್ವಾಸದಿಂದ. ಮೊದಲು ಗೋಡೌನ್ ಗಲೀಜಾಗಿದ್ದರೆ ಜನ ಒಳಗೆ ಹೋಗುತ್ತಿರಲಿಲ್ಲ, ಹಾಗಾಗಿ ಹಾನಿ ಕಡಿಮೆ ಇತ್ತು. ಈಗ ಒಳಗಿಂದ ಯಾವುದೋ ಒಂದನ್ನು ತಂದು ಕೈಗೆ ಕೊಡುವವರು ಬಂದಿದ್ದಾರೆ.

ಏರ್ ಕೆನಡಾ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಮನೆಯಲ್ಲಿ ಸಾವಾದಾಗ ಕೊಡುವ ರಿಯಾಯಿತಿ ದರಕ್ಕೆ ಪ್ರಯಾಣ ಮುಗಿದ ಮೇಲೂ ಅರ್ಜಿ ಹಾಕಬಹುದು ಅಂತ ಆ ಕಂಪನಿಯ ವೆಬ್‌ಸೈಟಿನ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ಹೇಳಿತ್ತು. ಅದೇ ವೆಬ್‌ಸೈಟಿನ ಇನ್ನೊಂದು ಪುಟ ಹಾಗಾಗಲ್ಲ ಅನ್ನುತ್ತಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಜವಾಬ್ದಾರನಲ್ಲ ಅಂತ ಕಂಪನಿ ವಾದಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಆ ವಾದ ತಳ್ಳಿಹಾಕಿ ಪರಿಹಾರ ಕೊಡಿ ಅಂದಿತು. ವೆಬ್‌ಸೈಟಿನಲ್ಲಿ ಇರುವುದಕ್ಕೆಲ್ಲ ಕಂಪನಿಯೇ ಹೊಣೆ, ಪುಟದಲ್ಲಿದ್ದರೂ ಸರಿ, ಬಾಟ್ ಬಾಯಲ್ಲಿ ಬಂದರೂ ಸರಿ. ಮೊತ್ತ ದೊಡ್ಡದೇನಲ್ಲ. ಆದರೆ ಎರಡು ಕಡೆ ಎರಡು ಉತ್ತರ ಇರುವುದು ಬರೀ ಅಸಡ್ಡೆಯ ವಿಷಯ ಅಲ್ಲ, ಕಾನೂನಿನ ವಿಷಯ ಅಂತ ಎಲ್ಲರಿಗೂ ಗೊತ್ತಾಯಿತು.

ಎಐ ಬಂದರೆ ನಾಲೆಡ್ಜ್ ಮ್ಯಾನೇಜರ್ ಕೆಲಸ ಹೋಗುತ್ತಾ ಅಂತ ಕೇಳುವವರಿದ್ದಾರೆ. ಕೆಲಸದ ಒಂದು ಭಾಗ ಹೋಗುತ್ತದೆ. ಸಾರಾಂಶ ಬರೆಯುವುದು, ಟ್ಯಾಗ್ ಹಾಕುವುದು, ಮೀಟಿಂಗ್ ನೋಟ್ಸ್ ಮಾಡುವುದು, ಇದನ್ನೇ ನಂಬಿ ಕೂತವರಿಗೆ ಕಷ್ಟ ಇದೆ. ಯಾವ ಉತ್ತರ ಸರಿ ಅಂತ ತೀರ್ಮಾನಿಸುವುದು, ಅದಕ್ಕೆ ಯಾರು ಹೊಣೆ ಅಂತ ಹೆಸರು ಬರೆಸುವುದು, ಎಲ್ಲೂ ಬರೆಯದೇ ಇರುವುದನ್ನು ಹೊರಗೆ ತರುವುದು ಉಳಿಯುತ್ತದೆ. ಮೋಲ್ಡಿಂಗ್ ಆಪರೇಟರ್ ತಲೆಯಲ್ಲಿರುವ ಮೂರು ವಿಷಯಗಳು ಯಾವ ಫೈಲಿನಲ್ಲೂ ಇಲ್ಲ. ಬಾಟ್ ಎಲ್ಲಿಂದ ತಂದೀತು?

ಇಲ್ಲೇ ನಮ್ಮವರ ಅನುಕೂಲ ಇರುವುದು. ಕೋಲಾರ ಜಿಲ್ಲೆಯ ಶಾಪ್ ಫ್ಲೋರಿನಲ್ಲಿ ಎಸ್‌ಒಪಿ ಇಂಗ್ಲಿಷಿನಲ್ಲಿ ಇರುತ್ತದೆ. ಮಾತು ಕನ್ನಡ, ತೆಲುಗು, ತಮಿಳು, ಉರ್ದು, ಇತ್ತೀಚೆಗೆ ಹಿಂದಿ. ಮೆಷಿನ್ ನಿಂತಾಗ ಫಿಟ್ಟರ್‌ಗಳು ಒಬ್ಬರಿಗೊಬ್ಬರು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕುತ್ತಾರೆ, ಕಂಪನಿಯ ಅತ್ಯಂತ ಬೆಲೆಬಾಳುವ ತಿಳಿವಳಿಕೆ ಆ ವಾಯ್ಸ್ ಮೆಸೇಜ್‌ನಲ್ಲಿ ಓಡಾಡುತ್ತಿರುತ್ತದೆ, ಫೋನ್ ಬದಲಾಯಿಸಿದ ದಿನ ಅದೂ ಹೋಗುತ್ತದೆ. ಪೋರ್ಟಲ್ ತುಂಬಿಸಲು ಬೇರೆ ಊರಿಂದ ಬಂದ ಎಂಬಿಎ ಲ್ಯಾಪ್‌ಟಾಪ್ ಹಿಡಿದು ಬಂದು 'ಪ್ಲೀಸ್ ಎಕ್ಸ್‌ಪ್ಲೇನ್ ದ ಪ್ರೋಸೆಸ್' ಅಂದರೆ ಫಿಟ್ಟರ್ ಎಸ್‌ಒಪಿಯಲ್ಲಿ ಇರುವುದನ್ನೇ ಒಪ್ಪಿಸುತ್ತಾನೆ. ಟೀ ಬ್ರೇಕಿನಲ್ಲಿ ಪಕ್ಕ ನಿಂತು 'ಏಮಣ್ಣಾ, ಏಮೈಂದಿ ದೀನಿಕಿ?' (ಏನಣ್ಣಾ, ಏನಾಯ್ತು ಇದಕ್ಕೆ?) ಅಂತ ತೆಲುಗಿನಲ್ಲಿ ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ. ಹಾಗೆ ಕೇಳಿ ತಿಳಿದುಕೊಂಡು, ಅದನ್ನು ಕನ್ನಡದಲ್ಲಿ ಒಂದು ಒಪಿಎಲ್ ಆಗಿ, ಇಂಗ್ಲಿಷಿನಲ್ಲಿ ಒಂದು ಪುಟವಾಗಿ ಬರೆಯಬಲ್ಲವರು ಎಷ್ಟು ಜನ ಇದ್ದಾರೆ? ಬಂಗಾರಪೇಟೆ, ಮುಳಬಾಗಿಲು, ಮಾಲೂರಿನ ಕಡೆ ಎಷ್ಟೋ ಮಂದಿ ಮೂರು ಭಾಷೆ ಆಡಿಕೊಂಡೇ ಬೆಳೆದವರು. ಅದನ್ನು ರೆಸ್ಯೂಮೆಯ ಕೊನೆಯಲ್ಲಿ 'ಭಾಷೆಗಳು' ಅನ್ನುವ ಸಾಲಿನಲ್ಲಿ ಹಾಕಿ ಬಿಡುತ್ತಾರೆ. ಮೊದಲ ಪುಟದಲ್ಲಿ ಇರಬೇಕಾದ್ದು ಅದು.

ಈ ಕೆಲಸಕ್ಕೆ ಯಾವ ಡಿಗ್ರಿ ಬೇಕು ಅನ್ನುವ ಪ್ರಶ್ನೆಗೆ ನೇರ ಉತ್ತರ ಇಲ್ಲ. ಲೈಬ್ರರಿ ಸೈನ್ಸ್ ಓದಿದವರಿಗೆ ವಿಷಯಗಳನ್ನು ವಿಂಗಡಿಸುವುದು, ಹುಡುಕಿಕೊಡುವುದು ಬರುತ್ತದೆ, ಅವರು ಲೈಬ್ರೇರಿಯನ್ ಹುದ್ದೆಗೇ ಕಾಯುತ್ತಾ ಕೂರಬೇಕಾಗಿಲ್ಲ. ಸಪೋರ್ಟ್ ಎಂಜಿನಿಯರ್‌ಗಳು, ಟೆಕ್ನಿಕಲ್ ರೈಟರ್‌ಗಳು, ಟ್ರೇನರ್‌ಗಳು, ಕ್ವಾಲಿಟಿ ವಿಭಾಗದ ಡಾಕ್ಯುಮೆಂಟ್ ಕಂಟ್ರೋಲರ್‌ಗಳು ಈ ಕಡೆ ಬರುತ್ತಾರೆ. ನನ್ನ ಮಟ್ಟಿಗೆ ಎಲ್ಲರಿಗಿಂತ ಚೆನ್ನಾಗಿ ಹೊಂದುವವರು ಲೈನ್ ಸೂಪರ್‌ವೈಸರ್ ಆಗಿದ್ದು ಬರೆಯಲು ಬರುವವರು. ಅಂಥವರು ಕಡಿಮೆ. ಶುರುವಿನಲ್ಲಿ ಹುದ್ದೆಯ ಹೆಸರು ನಾಲೆಡ್ಜ್ ಅನಲಿಸ್ಟ್, ನಾಲೆಡ್ಜ್ ಬೇಸ್ ಸ್ಪೆಷಲಿಸ್ಟ್, ಕಂಟೆಂಟ್ ಏನೋ ಒಂದು ಇರುತ್ತದೆ. ಮೇಲೆ ಹೋದರೆ ನಾಲೆಡ್ಜ್ ಮ್ಯಾನೇಜರ್, ತುದಿಯಲ್ಲಿ ಚೀಫ್ ನಾಲೆಡ್ಜ್ ಆಫೀಸರ್. ಕನ್ಸಲ್ಟಿಂಗ್ ಕಂಪನಿಗಳು, ದೊಡ್ಡ ಲಾ ಫರ್ಮ್‌ಗಳು, ಐಟಿ ಸಪೋರ್ಟ್ ಇರುವ ಕಡೆ ಈ ಹುದ್ದೆಗಳು ಹೆಸರಿನ ಸಮೇತ ಇವೆ. ಐಟಿ ಸೇವೆಗಳ ಐಟಿಲ್ ಚೌಕಟ್ಟಿನಲ್ಲಿ ನಾಲೆಡ್ಜ್ ಮ್ಯಾನೇಜ್‌ಮೆಂಟ್ ಒಂದು ಭಾಗವೇ ಆಗಿದೆ. 2024ರಿಂದ 2029ರ ತನಕದ ಕರ್ನಾಟಕದ ಜಿಸಿಸಿ ನೀತಿಯಲ್ಲಿ 500 ಹೊಸ ಕೇಂದ್ರಗಳ ಗುರಿ ಇದೆ. ಜಿಸಿಸಿ ಅಂದರೆ ಗ್ಲೋಬಲ್ ಕೇಪಬಿಲಿಟಿ ಸೆಂಟರ್, ಬಹುರಾಷ್ಟ್ರೀಯ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯುವ ಕಚೇರಿ. ಇನ್ನೊಂದು ದೇಶದ ಆಫೀಸಿನಿಂದ ಕೆಲಸ ಇಲ್ಲಿಗೆ ಬರುವಾಗ ಮೊದಲು ನಡೆಯುವುದೇ ಕೆಟಿ, ಹಾಗಾಗಿ ಅಲ್ಲೂ ಬೇಡಿಕೆ ಇರುತ್ತದೆ. ಫ್ಯಾಕ್ಟರಿಗಳಲ್ಲಿ ಈ ಹೆಸರಿನ ಹುದ್ದೆ ಅಪರೂಪ. ಕ್ವಾಲಿಟಿ, ಟ್ರೇನಿಂಗ್, ಮೇಂಟೆನೆನ್ಸ್ ಪ್ಲಾನಿಂಗ್ ಅಂತ ಬೇರೆ ಹೆಸರಿನಲ್ಲಿ ಕೆಲಸ ಇದೆ.

ಅಪಾಯವನ್ನೂ ಹೇಳಬೇಕು. ಕಂಪನಿ ಖರ್ಚು ಕಡಿಮೆ ಮಾಡಲು ಹೊರಟರೆ ಮೊದಲು ಕೈಬಿಡುವ ಹುದ್ದೆಗಳಲ್ಲಿ ಇದೂ ಒಂದು. ಕಾರಣ ಸುಲಭ. ನೀವು ತಪ್ಪಿಸಿದ ನಷ್ಟ ಕಣ್ಣಿಗೆ ಕಾಣಲ್ಲ. 'ಈ ತಿಂಗಳು 200 ಡಾಕ್ಯುಮೆಂಟ್ ಸೇರಿಸಿದೆ' ಅಂತ ರಿಪೋರ್ಟ್ ಕೊಡುತ್ತಾ ಕೂತವರು ಹೋಗುತ್ತಾರೆ. ಹೊಸಬರು ತಾವೇ ಲೈನ್ ನೋಡಿಕೊಳ್ಳಲು ಮೊದಲು ಎಷ್ಟು ವಾರ ಹಿಡಿಯುತ್ತಿತ್ತು, ಈಗ ಎಷ್ಟು? ಅದೇ ಬ್ರೇಕ್‌ಡೌನ್ ಮತ್ತೆ ಮತ್ತೆ ಬರುವುದು ಕಡಿಮೆಯಾಯಿತಾ? ಗ್ರಾಹಕರ ದೂರು ಮೊದಲ ಕರೆಯಲ್ಲೇ ಮುಗಿಯುತ್ತಿದೆಯಾ? ಇದನ್ನು ತೋರಿಸಬಲ್ಲವರು ಉಳಿಯುತ್ತಾರೆ, ಯಾಕಂದರೆ ಆಗ ಅವರ ಪರವಾಗಿ ಪ್ಲಾಂಟ್ ಹೆಡ್ ಮಾತಾಡುತ್ತಾರೆ.

ಅಧಿಕಾರದ ಪ್ರಶ್ನೆಯೂ ಇದೆ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದರು. ಯಾವ ತೂಬು ಎಷ್ಟು ಹೊತ್ತು ತೆರೆಯಬೇಕು, ಕೆರೆ ಅರ್ಧ ತುಂಬಿದ ವರ್ಷ ಯಾರ ಗದ್ದೆಗೆ ಎಷ್ಟು, ಕಾಲುವೆ ಎಲ್ಲಿ ಸೋರುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದರೆ ಸಾಲದು, ತೂಬಿಗೆ ಬೇರೆಯವರು ಕೈ ಹಾಕುವ ಹಾಗಿರಲಿಲ್ಲ, ರೈತರು ಸುಗ್ಗಿಯಲ್ಲಿ ಅವರಿಗೆ ಕಾಳು ಕೊಡುತ್ತಿದ್ದರು. ಬೋರ್‌ವೆಲ್ ಬಂದು, ಕೆರೆ ಒಣಗಿ, ಆ ಕೆಲಸ ಹೋಯಿತು. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿದ್ದರೂ ಅದು ಅಂತರ್ಜಲ ಮರುಪೂರಣಕ್ಕೆ, ಗದ್ದೆಗೆ ನೇರವಾಗಿ ಹರಿಸಲಿಕ್ಕಲ್ಲ, ಹಾಗಾಗಿ ತೂಬಿನ ಲೆಕ್ಕ ಮತ್ತೆ ಯಾರೂ ಕೇಳುತ್ತಿಲ್ಲ. ಕಂಪನಿಗಳು ನಾಲೆಡ್ಜ್ ಮ್ಯಾನೇಜರ್‌ನಿಂದ ನೀರುಗಂಟಿಯ ಕೆಲಸ ಬಯಸುತ್ತವೆ, ತೂಬಿನ ಅಧಿಕಾರ ಮಾತ್ರ ಕೊಡಲ್ಲ. ಹಳೆ ದಾಖಲೆ ಅಳಿಸಲು ಐದು ವಿಭಾಗದ ಒಪ್ಪಿಗೆ ಬೇಕು ಅಂದರೆ ಅದು ಅಳಿಯುವುದೇ ಇಲ್ಲ.

ಹಾಗಾಗಿ ಇಂಟರ್‌ವ್ಯೂಗೆ ಹೋದರೆ ಸಂಬಳದ ಜೊತೆ ಇನ್ನು ಕೆಲವು ಪ್ರಶ್ನೆ ಕೇಳಿ. ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ಎಚ್‌ಆರ್ ಅಥವಾ ಐಟಿ ಅಂದರೆ ಸ್ವಲ್ಪ ಯೋಚಿಸಿ, ಆಪರೇಷನ್ಸ್ ಅಥವಾ ಸರ್ವಿಸ್ ಅಂದರೆ ಒಳ್ಳೆಯದು, ಯಾಕಂದರೆ ತಿಳಿವಳಿಕೆ ಕಳೆದುಹೋದಾಗ ನಷ್ಟ ಅನುಭವಿಸುವುದು ಅವರು. ಈ ಹುದ್ದೆಯಲ್ಲಿ ನನಗಿಂತ ಮೊದಲು ಯಾರಿದ್ದರು, ಅವರು ಯಾಕೆ ಬಿಟ್ಟರು? ತಪ್ಪು ದಾಖಲೆ ಕಂಡರೆ ತೆಗೆಯುವ ಅಧಿಕಾರ ನನಗಿದೆಯಾ? ವಾರದಲ್ಲಿ ಎಷ್ಟು ಹೊತ್ತು ಫ್ಲೋರಿನಲ್ಲಿ ಇರಬಹುದು? ಕೊನೆಯ ಪ್ರಶ್ನೆಗೆ 'ಫ್ಲೋರಿಗೆ ಯಾಕೆ ಹೋಗಬೇಕು, ಪೋರ್ಟಲ್ ಇದೆಯಲ್ಲ' ಅಂತ ಉತ್ತರ ಬಂದರೆ ಟೀ ಕುಡಿದು ಎದ್ದು ಬನ್ನಿ. ಅಲ್ಲಿ ಅವರಿಗೆ ಬೇಕಿರುವುದು ಡೇಟಾ ಎಂಟ್ರಿ ಆಪರೇಟರ್, ಆ ಸಂಬಳಕ್ಕೆ ಜನ ಸಿಗುತ್ತಾರೆ.